ಇಳಿದ ಶ್ರುತಿ

ಪಕ್ಕದ ಮನೆಯ ರೇಡಿಯೋದಲ್ಲಿ ತನ್ನ ಹಾಡು ಶುರುವಾದಾಗ ಅರ್ಮೆಲ್ ಅಕ್ಕನ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. ದನಿ ಮೇಲಕ್ಕೇರುವ ಜಾಗ ಹತ್ತಿರವಾದಂತೆ ಅವಳ ಕೈಯಲ್ಲಿದ್ದ ಚಾಕು ನಿಂತಿತು. ರೇಡಿಯೋದೊಳಗಿನ ಅರ್ಮೆಲ್ ಹೊಸಿಲು ದಾಟಿದಷ್ಟು ಸಲೀಸಾಗಿ ಅದನ್ನು ದಾಟಿಹೋದಳು.

"ಕಿಟಕಿ ಹಾಕ್ಲೇನೇ?" ಎಂದಳು ಅಕ್ಕ ಸೊಯಿಜಿಕ್.

"ಬೇಡಕ್ಕ. ಸೆಕೆ." ಆ ಎರಡು ಮಾತೂ ಜಲ್ಲಿಯ ಮೇಲೆ ದೋಣಿ ಎಳೆದ ಹಾಗೆ ಒರಟಾಗಿ ಹೊರಬಂದವು.

ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡದ್ದು ಹಿಂದಿನ ಚಳಿಗಾಲದಲ್ಲಿ. ತೆಗೆಯದಿದ್ದರೆ ಜೀವಕ್ಕೆ ಅಪಾಯ, ತೆಗೆದರೆ ದನಿಗೆ ಅಪಾಯ ಎಂದು ಪ್ಯಾರಿಸ್ಸಿನ ವೈದ್ಯರು ಮೊದಲೇ ಹೇಳಿದ್ದರು. ಜೀವ ಉಳಿಯಿತು. ಇಡೀ ಫ್ರಾನ್ಸ್ ತಲೆದೂಗಿದ ದನಿಯ ಮೇಲಿನ ಅರ್ಧ ಮಾತ್ರ ಹೋಗಿಬಿಟ್ಟಿತು. ಪತ್ರಿಕೆಯವರು ಮನೆ ಬಾಗಿಲಲ್ಲೇ ಠಿಕಾಣಿ ಹೂಡಿದಾಗ ಅವಳು ಕಪ್ಪು ಕನ್ನಡಕ ಹಾಕಿಕೊಂಡು ರೈಲು ಹತ್ತಿ, ಕಡಲದಂಡೆಯ ಹುಟ್ಟೂರು ದುಆರ್ನೆನೆಗೆ ಬಂದಿಳಿದಳು. ನಿಲ್ದಾಣದಲ್ಲಿ ಕಾಯುತ್ತಿದ್ದ ಸೊಯಿಜಿಕ್ ಅಪ್ಪಿಕೊಳ್ಳುವ ಮೊದಲೇ ಗದರಿದ್ದಳು: "ಆ ಕನ್ನಡಕ ತೆಗಿಯೇ. ನಿನ್ನ ಮೂಗು ನೋಡಿದ್ರೆ ಸಾಕು, ಯಾರ ಮಗಳು ಅಂತ ಊರಿಗೆ ಊರೇ ಹೇಳುತ್ತೆ."

ಅಕ್ಕ ಅಷ್ಟು ಮಾತಾಡಿದ್ದೇ ಹೆಚ್ಚು. ಅರ್ಮೆಲ್ ಪ್ಯಾರಿಸ್ಸಿಗೆ ಹೋದಂದಿನಿಂದ ಸೊಯಿಜಿಕ್ ಒಮ್ಮೆಯೂ ಅವಳ ಹಾಡಿನ ಕಛೇರಿಗೆ ಬಂದಿರಲಿಲ್ಲ. ಟಿಕೆಟ್ಟು ಕಳಿಸಿದಾಗಲೆಲ್ಲ ಒಂದೊಂದು ನೆಪ: ಬೂತಾಯಿ ಮೀನಿನ ಸುಗ್ಗಿ, ಮಂಡಿನೋವು, ಬೆಕ್ಕು ಮರಿ ಹಾಕಿದೆ.

ಅಂದು ಬೆಳಿಗ್ಗೆ ಮೂಲೆಯ ಕೆಫೆಗೆ ಫೋನ್ ಬಂದಿತ್ತು. ಅವಳ ಕಛೇರಿಗಳ ಉಸ್ತುವಾರಿ ನೋಡುತ್ತಿದ್ದ ಗಾಸ್ಪಾರ್ ಬಹಳ ಮೆತ್ತಗೆ ಮಾತಾಡಿದ. "ಅಕ್ಟೋಬರ್ ಕಛೇರಿ ರದ್ದು ಮಾಡೋಣ ಮದಾಮ್. ವಿದಾಯ ಅಂತ ಪತ್ರಿಕೆಗೆ ಕೊಟ್ಟುಬಿಡ್ತೀನಿ. ಜನ ನಿಮ್ಮನ್ನ ಆ ಹಳೇ ದನೀಲೇ ನೆನಪಿಟ್ಕೊಳ್ಳಲಿ."

"ನಾಳೆ ಹೇಳ್ತೀನಿ," ಎಂದಿದ್ದಳು ಅರ್ಮೆಲ್. ಹೇಳುವುದಕ್ಕೆ ಏನೂ ಉಳಿದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆಲೂಗಡ್ಡೆ ಒಲೆಯ ಮೇಲೇರುವ ಮೊದಲೇ ಕಾರ್ಖಾನೆಯ ಸೈರನ್ ಕೂಗಿತು. ಅಂದರೆ ದೋಣಿಗಳು ಮೀನು ತುಂಬಿಕೊಂಡು ಬಂದಿವೆ, ಕೆಡುವ ಮುಂಚೆ ಡಬ್ಬಿಗೆ ಸೇರಬೇಕು. ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಮರದ ಮೆಟ್ಟುಗಳು ಕಲ್ಲುಹಾಸಿನ ಮೇಲೆ ಟಕಟಕ ಸದ್ದು ಮಾಡುತ್ತ ಬಂದರಿನ ಕಡೆ ಇಳಿದವು. ಸೊಯಿಜಿಕ್ ಬಿಳಿ ಟೋಪಿ ಕಟ್ಟಿಕೊಳ್ಳುತ್ತ ತಂಗಿಯನ್ನು ನೋಡಿದಳು.

"ಕೈ ಸಾಲಲ್ಲ ಇವತ್ತು. ಬರ್ತೀಯಾ? ಇಲ್ಲೇ ಕೂತು ಆ ರೇಡಿಯೋ ಕೇಳ್ಕೊಂಡು ಅಳ್ತಾ ಇರ್ತೀಯಾ?"

ಅರ್ಮೆಲ್ ಗೋಡೆಗೆ ನೇತುಹಾಕಿದ್ದ ಇನ್ನೊಂದು ಏಪ್ರನ್ ತೆಗೆದುಕೊಂಡಳು.

ಕಾರ್ಖಾನೆಯ ಉದ್ದನೆಯ ಮೇಜಿನ ಎರಡೂ ಬದಿಗೆ ಹೆಂಗಸರು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಉಪ್ಪು ನೀರು, ಕಾದ ಎಣ್ಣೆ, ಹಸಿ ಮೀನು ಎಲ್ಲ ಬೆರೆತ ಆ ವಾಸನೆಗೆ ಹದಿಹರೆಯದಲ್ಲಿ ಅವಳು ಎಷ್ಟು ಹೇಸುತ್ತಿದ್ದಳೋ, ಈಗ ಅಷ್ಟೇ ಆಳವಾಗಿ ಎಳೆದುಕೊಂಡಳು.

"ಬಂದ್ಳಪ್ಪಾ ಪ್ಯಾರಿಸ್ ಮಹಾರಾಣಿ!" ಎಂದಳು ಮರ್ಯಾನಿಕ್. ಅಲ್ಲಿನ ಹೆಂಗಸರಲ್ಲೆಲ್ಲ ಹಿರಿಯಳು, ಬಾಯಲ್ಲಿ ಉಳಿದ ಹಲ್ಲಿಗಿಂತ ಮಾತೇ ಹೆಚ್ಚು. "ಹುಷಾರು ಕಣ್ರೇ, ಮೀನಿಗೆಲ್ಲ ಸೆಂಟು ಹೊಡ್ದುಬಿಟ್ಟಾಳು!"

"ನಿನಗೇ ಮೊದಲು ಹೊಡೀತೀನಿ ಅಜ್ಜೀ," ಎಂದಳು ಅರ್ಮೆಲ್. ಮೇಜಿಗೆ ಮೇಜೇ ನಕ್ಕಿತು.

ತಲೆ ಕತ್ತರಿಸು, ಕರುಳು ಎಳೆ, ಪಕ್ಕಕ್ಕಿಡು. ಮೊದಲ ಬುಟ್ಟಿ ಮುಗಿಯುವಷ್ಟರಲ್ಲಿ ಬೆರಳಿಗೆ ಎರಡು ಗಾಯವಾಯಿತು. ಎರಡನೆಯದಕ್ಕೆ ಕೈಗೆ ಹಳೆಯ ಲಯ ಸಿಕ್ಕಿತು. ಮಧ್ಯಾಹ್ನ ಇಳಿಯಿತು. ಬುಟ್ಟಿಗಳು ಬರುತ್ತಲೇ ಇದ್ದವು. ಬೆನ್ನು ಸೋತು ಮಾತು ಬತ್ತಿದಾಗ ಮರ್ಯಾನಿಕ್ ಹಾಡು ಎತ್ತಿದಳು. ಗಂಡನ ಅಂಗಿಯನ್ನು ಒಗೆದುಕೊಡು ಎಂದು ಕಡಲಿಗೆ ಕೊಟ್ಟ ಹೆಂಗಸಿನ ಹಾಡು ಅದು. ಕಡಲು ಅಂಗಿಯನ್ನು ಹಿಂದಿರುಗಿಸುವುದಿಲ್ಲ. ಅವಳು ದಿನಾ ದಡಕ್ಕೆ ಬಂದು ಜಗಳ ತೆಗೆಯುತ್ತಾಳೆ. ಒಂದೊಂದು ಚರಣಕ್ಕೂ ಒಂದೊಂದು ಹೊಸ ಬೈಗುಳ.

ನಾಲ್ಕು ಚರಣಕ್ಕೆ ಮುದುಕಿಗೆ ಕೆಮ್ಮು ಹತ್ತಿತು. "ನೀನು ಹಿಡಿಯೇ ಅರ್ಮೆಲ್," ಎಂದಳು ಉಸಿರು ಎಳೆಯುತ್ತ.

"ನಂಗೆ ಗಂಟಲೇ ಇಲ್ಲ ಅಜ್ಜಿ. ಗೊತ್ತಲ್ಲ ನಿನಗೆ."

"ನಂಗೂ ಹಲ್ಲಿಲ್ಲ. ಉಣ್ಣೋದು ಬಿಟ್ಟಿದ್ದೀನಾ?"

ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಮೀನಿನ ಮೇಲೇ ಇತ್ತು. ಅರ್ಮೆಲ್‌ಗೆ ಹದಿನೈದರ ವಯಸ್ಸಿನಲ್ಲಿ ಇದೇ ಮೇಜಿನೆದುರು ಹಾಡಿದ್ದು ನೆನಪಾಯಿತು. ಅಂದು ಅವಳು ದನಿ ಎತ್ತಿದೊಡನೆ ಎಲ್ಲರ ಕೈಯೂ ನಿಂತುಹೋಗುತ್ತಿತ್ತು. ಕೊನೆಗೆ ಮೇಸ್ತ್ರಿ ಬಂದು, "ಈ ಹುಡುಗಿ ಬಾಯಿ ಮುಚ್ಚಿಸಿ, ಮೀನು ಕೊಳೀತಿದೆ," ಎಂದು ಕೂಗಾಡಿದ್ದ. ಆ ಬೈಗುಳವನ್ನು ಅವಳು ಪದಕದಂತೆ ಎದೆಗೆ ಅಂಟಿಸಿಕೊಂಡು ಊರು ಬಿಟ್ಟಿದ್ದಳು.

ಅವಳು ಕಣ್ಣು ಮುಚ್ಚಿ ಐದನೆಯ ಚರಣ ಹಿಡಿದಳು. ದನಿ ಎದೆಯ ತಳದಿಂದ ಎದ್ದು ಅರ್ಧದಲ್ಲೇ ಸೀಳಿತು. ಅವಳು ಅದನ್ನು ಇನ್ನೂ ಕೆಳಕ್ಕಿಳಿಸಿ ನೆಲದ ಹತ್ತಿರ ಒಯ್ದಳು. ಅಲ್ಲಿ ಅದು ನಿಂತಿತು. ಕಣ್ಣು ಬಿಟ್ಟು ನೋಡಿದರೆ ಒಬ್ಬರ ಕೈಯೂ ನಿಂತಿರಲಿಲ್ಲ. ಚಾಕುಗಳು ಕಚಕಚನೆ ಓಡುತ್ತಲೇ ಇದ್ದವು.

ಮುಗಿಯಿತು, ಇನ್ನು ಇಷ್ಟೇ ಎಂದುಕೊಂಡಳು. ಆಗಲೇ ಕಿವಿಗೆ ಬಿತ್ತು: ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ಹಾಡುತ್ತಿದ್ದರು. ಕಡಲನ್ನು ಬೈಯುವ ಸಾಲು ಬಂದಾಗ ತಗಡಿನ ಮಾಡು ಗುಂಯ್ಗುಟ್ಟಿತು. ಪಕ್ಕದಲ್ಲಿ ಸೊಯಿಜಿಕ್, ತಂಗಿಯ ಎದುರು ಎಂದೂ ಹಾಡಿಗೆ ಬಾಯಿ ಬಿಡದಿದ್ದ ಸೊಯಿಜಿಕ್, ಕತ್ತಿನ ನರ ಉಬ್ಬಿಸಿ ಹಾಡುತ್ತಿದ್ದಳು.

ಬಿಸಿಲು ಇನ್ನೂ ಇರುವಾಗಲೇ ಇಬ್ಬರೂ ದಿಬ್ಬ ಹತ್ತಿ ಮನೆ ಕಡೆ ಹೊರಟರು. "ಅಕ್ಕಾ, ನೀನು ಹಾಡ್ತೀಯಾ ಅಂತಾನೇ ಗೊತ್ತಿರ್ಲಿಲ್ಲ ನಂಗೆ," ಎಂದಳು ಅರ್ಮೆಲ್.

"ನೀನು ಬಿಟ್ಟಿದ್ರೆ ತಾನೇ ಗೊತ್ತಾಗೋಕೆ!" ಸೊಯಿಜಿಕ್ ಏದುಸಿರು ಬಿಡುತ್ತ ನಿಂತಳು. "ಆಗ ನೀನು ಅಟ್ಟದ ಮೇಲೆ ಕೂತೋರ ಹಾಗೆ ಹಾಡ್ತಿದ್ದೆ ಕಣೇ. ನಮಗೆ ಏಣಿ ಎಲ್ಲಿತ್ತು? ಕತ್ತೆತ್ತಿ ನೋಡ್ಕೊಂಡು ನಿಂತ್ಕೋಬೇಕಿತ್ತು ಅಷ್ಟೇ. ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದ್ರೆ ಕತ್ತು ನೋಯುತ್ತೆ." ಮತ್ತೆ ಹೆಜ್ಜೆ ಹಾಕುತ್ತ, "ಇವತ್ತು ನೀನು ನಮ್ಮ ಜೊತೆ ಜಗಲಿಗೆ ಬಂದು ಕೂತೆ," ಎಂದಳು.

ಮನೆಯ ತಿರುವು ಬಂದರೂ ಅರ್ಮೆಲ್ ತಿರುಗದೆ ನೇರ ಕೆಫೆಗೆ ಹೋದಳು. ಮೀನಿನ ಹುರುಪೆ ಅಂಟಿದ್ದ ಏಪ್ರನ್ನಿನಲ್ಲೇ ನಿಂತು ಪ್ಯಾರಿಸ್ಸಿಗೆ ಫೋನ್ ಹಚ್ಚಿಸಿದಳು.

"ರದ್ದು ಮಾಡ್ಬೇಡಿ ಗಾಸ್ಪಾರ್."

"ಮದಾಮ್, ಡಾಕ್ಟರ್ ಏನಾದ್ರೂ ಹೊಸದಾಗಿ..."

"ಇಲ್ಲ. ದನಿ ಹೀಗೇ ಇರುತ್ತೆ. ಹಾಡುಗಳನ್ನೆಲ್ಲ ಕೆಳಗಿನ ಶ್ರುತಿಗೆ ಇಳಿಸ್ಬೇಕು. ಇಳಿಯದ ಹಾಡು ಬಿಟ್ಟುಬಿಡೋಣ. ಮತ್ತೆ, ನಾನು ಹಾಡೋವಾಗ ಸಭಾಂಗಣದ ದೀಪ ಆರಿಸ್ಬಾರ್ದು."

"ದೀಪ ಹಚ್ಚಿಟ್ರೆ ಜನ ನಿಮ್ಮನ್ನೇ ಹೇಗೆ ನೋಡ್ತಾರೆ?"

"ನಾನು ಅವರನ್ನ ನೋಡ್ಬೇಕು."

"ಜನ ನಗಬಹುದು," ಎಂದ ಗಾಸ್ಪಾರ್.

"ನಗಲಿ. ಬಾಯಿ ತೆರೆದ್ರೆ ಸಾಕು."

ಅಕ್ಟೋಬರಿನ ಆ ಸಂಜೆ ಸಭಾಂಗಣ ತುಂಬಿತ್ತು. ಅರ್ಧ ಜನ ಪ್ರೀತಿಯಿಂದ, ಅರ್ಧ ಜನ ಅವಳು ಬೀಳುವುದನ್ನು ನೋಡಲು ಬಂದಿದ್ದರು. ಮೊದಲ ಹಾಡಿಗೇ ಪಿಸುಮಾತು ಎದ್ದಿತು. ಎರಡನೆಯದರಲ್ಲಿ ದನಿ ಒಡೆದಾಗ ಹಿಂದಿನ ಸಾಲಿನ ಒಂದು ಜೋಡಿ ಕೋಟು ಎತ್ತಿಕೊಂಡು ಹೊರಟುಹೋಯಿತು. ದೀಪ ಉರಿಯುತ್ತಿದ್ದುದರಿಂದ ಅರ್ಮೆಲ್ ಅದನ್ನೆಲ್ಲ ಕಂಡಳು. ಮುಂದಿನ ಸಾಲಿನಲ್ಲಿ ಹೊಸ ಬೂಟು ಕಚ್ಚಿದ್ದಕ್ಕೆ ಮುಖ ಕಿವುಚಿಕೊಂಡು ಕೂತಿದ್ದ ಸೊಯಿಜಿಕ್‌ಳನ್ನೂ ಕಂಡಳು. ನೆಪ ಹೇಳದೆ ಅಕ್ಕ ಬಂದದ್ದು ಅದೇ ಮೊದಲು.

ಅರ್ಮೆಲ್ ವೇದಿಕೆಯ ಅಂಚಿಗೆ ಬಂದಳು. "ಇದು ನನ್ನ ಹಾಡಲ್ಲ, ನಮ್ಮೂರಿನದು. ಗೊತ್ತಿದ್ದೋರು ಹಾಡಿ. ಗೊತ್ತಿಲ್ದೋರು ಎರಡನೇ ಸಲಕ್ಕೆ ಕಲೀತೀರಿ," ಎಂದು ಅಂಗಿಯ ಹಾಡು ಎತ್ತಿದಳು.

ಮೊದಲ ಚರಣಕ್ಕೆ ಸೊಯಿಜಿಕ್‌ಳ ದನಿಯೊಂದೇ ಜೊತೆಯಾಯಿತು. ನಾಲ್ಕಾರು ಜನ ತಿರುಗಿ ಅವಳನ್ನು ದುರುಗುಟ್ಟಿ ನೋಡಿದರು. ಅವಳೂ ತಿರುಗಿ ದುರುಗುಟ್ಟಿದಳು, ಹಾಡು ಬಿಡಲಿಲ್ಲ. ಎರಡನೆಯದಕ್ಕೆ ಎಲ್ಲಕ್ಕಿಂತ ಮೇಲಿನ, ಅಗ್ಗದ ಗ್ಯಾಲರಿಯಿಂದ ಕೆಲವು ಹೆಣ್ಣು ದನಿಗಳು ಇಳಿದುಬಂದವು. ಕಡಲ ಸೀಮೆಯಿಂದ ಬಂದು ಪ್ಯಾರಿಸ್ಸಿನ ಮನೆಗಳಲ್ಲಿ ಪಾತ್ರೆ ತಿಕ್ಕುವವರಿರಬೇಕು. ಪ್ರತಿ ಬೈಗುಳವೂ ಅವರಿಗೆ ಬಾಯಿಪಾಠವಾಗಿತ್ತು. ಮೂರನೆಯದಕ್ಕೆ ಒಬ್ಬ ದಪ್ಪ ಗಂಡಸು ತಪ್ಪು ಸಾಲನ್ನೇ ಜೋರಾಗಿ ಹಾಡಿದ, ಅವನ ಹೆಂಡತಿ ಬಿದ್ದುಬಿದ್ದು ನಕ್ಕು ತಾನೂ ಸೇರಿಕೊಂಡಳು.

ಕಡಲನ್ನು ಬೈಯುವ ಸಾಲು ಮತ್ತೆ ಬರುವ ಹೊತ್ತಿಗೆ ಪಿಯಾನೋ ನುಡಿಸುತ್ತಿದ್ದ ಮುದುಕ ಎರಡೂ ಕೈಗಳನ್ನು ಮೆಲ್ಲಗೆ ಕೀಲಿಮಣೆಯ ಮೇಲಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಹಾಡು ನಿಲ್ಲಲಿಲ್ಲ, ಸಭೆಯೇ ಹಾಡುತ್ತಿತ್ತು. ಅವನು ಸ್ಟೂಲನ್ನು ಸಭೆಯ ಕಡೆಗೆ ತಿರುಗಿಸಿ, ಕೊರಳಪಟ್ಟಿಯ ಗುಂಡಿ ಬಿಚ್ಚಿಕೊಂಡು, ಹಾಯಾಗಿ ಕೂತ.