ಸ್ವಾಮಿಯ ಎಡಗೈ

“ಇನ್ನೊಂಚೂರು ಅಗಲ ಮಾಡ್ರಲಾ! ಆಳಿನ ಭುಜ ನೋಡಿಲ್ವಾ ನೀವು?”

ಸಮಾಧಿ ಗುಂಡಿಯ ಅಂಚಿನಲ್ಲಿ ನಿಂತು ಕಲ್ಲಯ್ಯ ಕೂಗಿದ. ಒಳಗೆ ಹೆಣ ಕೂರಿಸುವ ಗೂಡು ಕೊರೆಯುತ್ತಿದ್ದವನು ಹಾರೆ ನಿಲ್ಲಿಸಿ ಮೇಲೆ ನೋಡಿದ.

“ಯಜಮಾನ್ರೇ, ಇಬ್ರು ಕೂರೋ ಅಷ್ಟಾಯ್ತು.”

“ನಮ್ ಮಾದೇವಸ್ವಾಮಿ ಅಂದ್ರೆ ಇಬ್ರೇ ಕಣೋ. ಅಗಿ.”

ಹೊಲದ ಬದುವಿನ ಮೇಲೆ ಜವರಯ್ಯ ನಿಂತುಕೊಂಡ. ತಿ. ನರಸೀಪುರದಿಂದ ಬೆಳಿಗ್ಗೆ ಹೊರಟವನು ನಂಜನಗೂಡಿನಲ್ಲಿ ಬಸ್ಸು ಬದಲಿಸುವಾಗ ಒಂದು ಹಾರ ಕೊಂಡಿದ್ದ. ಸ್ವಾಮಿಯ ಆ ಕುತ್ತಿಗೆಗೆ ಅದು ಸಾಲದು ಎಂಬುದು ಈಗ ನೆನಪಾಯಿತು.

ಮನೆಯಂಗಳದಲ್ಲಿ ಮಹಾದೇವಸ್ವಾಮಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಮೈಮೇಲೆ ಹೊಸ ಪಂಚೆ, ತೊಡೆಯ ಮೇಲೆ ಎರಡು ದಪ್ಪ ಕೈ. ಬಾಕ್ಸಿಂಗ್ ರಿಂಗಿನಲ್ಲಿ ಎರಡು ರೌಂಡುಗಳ ನಡುವೆ ಮೂಲೆಯ ಸ್ಟೂಲಿನ ಮೇಲೆ ಹೀಗೆಯೇ ಕೂರುತ್ತಿದ್ದ. ನೀರು ಕುಡಿಸಿದರೆ ಕುಡಿಯುತ್ತಿದ್ದ, ಬೈದರೆ ನಗುತ್ತಿದ್ದ. ತಾಂಡ್ಯದ ಫ್ಯಾಕ್ಟರಿಯಲ್ಲಿ ಲಾರಿಗೆ ಮೂಟೆ ತುಂಬಿ ದಣಿವಾರಿಸಿಕೊಳ್ಳಲು ಕೂತವನು ಮತ್ತೆ ಏಳಲಿಲ್ಲವಂತೆ. ಹಾರ ಹಾಕಲು ಹೋದರೆ ಅದು ಕಿವಿಗೆ ಸಿಕ್ಕಿಕೊಂಡಿತು. ಜವರಯ್ಯ ಮೆಲ್ಲಗೆ ಬಿಡಿಸಿ ಪಾದದ ಬಳಿ ಇಟ್ಟ.

“ನೀವು ಬಾಕ್ಸಿಂಗ್ ಮೇಷ್ಟ್ರಲ್ವಾ?” ಕಲ್ಲಯ್ಯ ಕೈಯ ಮಣ್ಣು ಕೊಡವುತ್ತ ಬಂದ. “ನಾನು ಇವನ ಚಿಕ್ಕಪ್ಪ. ನಮ್ಮೈದನಿಗೆ ಮೊಟ್ಟೆ ತಿನ್ಸಿ ಕೆಡ್ಸುದೋರು ನೀವೇ ತಾನೇ!”

“ಆಮ್ಲೆಟ್ಟು ಅಂದ್ರೆ ಪ್ರಾಣ ಬುಡ್ತಿದ್ದ,” ಎಂದ ಜವರಯ್ಯ.

ಇಬ್ಬರೂ ನಕ್ಕರು. ಕಲ್ಲಯ್ಯ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಬಾಗಿಲ ಬಳಿ ಕೂತಿದ್ದ ಹೆಂಗಸಿನ ಕಡೆ ಗದ್ದ ತೋರಿಸಿದ. “ಇವನ ತಂಗಿ, ನಂದಿತಾ. ಪ್ರೊಫೆಷನಲ್ ಆಟಕ್ಕೆ ಓಗು, ದೇಶ ದೇಶ ಸುತ್ತು ಅಂತ ನೀವಂದ್ರಿ. ಇವ್ಳು ಅತ್ತೂ ಕರ್ದೂ ಕಾಲು ಕಟ್ಬುಟ್ಳು. ಇಲ್ಲಾಂದ್ರೆ ಮೂಟೆ ಒತ್ತು ಸಾಯೋ ಆಳಾ ಸಾ ಅವ್ನು?”

ಮಾತಿನಲ್ಲಿ ವಿಷವಿರಲಿಲ್ಲ. ವರ್ಷಗಟ್ಟಲೆ ಆಡಿ ಆಡಿ ನುಣುಪಾದ ಮಾತು ಅದು. ನಂದಿತಾ ತಲೆ ಎತ್ತಲಿಲ್ಲ.

ನಾನು ಹೋಗು ಅಂದೆನೇ? ಜವರಯ್ಯನ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು.

*

ವರ್ಷಗಳ ಹಿಂದೆ, ಅವತ್ತು ಮೈಸೂರಿನ ಬಾಕ್ಸಿಂಗ್ ಹಾಲ್‌ನಲ್ಲಿ ಜವರಯ್ಯ, ಸ್ವಾಮಿ ಇಬ್ಬರೇ ಇದ್ದರು. ಮುಂಬೈನಿಂದ ಬಂದ ಪ್ರೊಮೋಟರ್ ಹೊರಗೆ ಟೀ ಕುಡಿಯುತ್ತಿದ್ದ. ಅವನು ಕೇಳಿದ್ದು ಒಂದೇ: ಈ ಹೆವಿವೇಟ್ ಹುಡುಗ ಪ್ರೊಫೆಷನಲ್ ಆಗಿ ನಿಲ್ಲುತ್ತಾನೋ ಇಲ್ಲವೋ.

“ಬಲಗೈ ದೇವ್ರು ಕೊಟ್ಟಿದ್ದು ಕಣ್ಲಾ,” ಎಂದ ಜವರಯ್ಯ. “ಮೈ ಐತೆ, ಎದೆ ಐತೆ. ಆದ್ರೆ ದಣಿದ ತಕ್ಷಣ ನಿನ್ನ ಎಡಗೈ ಗದ್ದ ಬುಟ್ಟು ಇಳೀತದೆ. ನಮ್ಮ ಮೂರು ರೌಂಡಿನ ಆಟದಲ್ಲಿ ಅದು ಇಳಿಯೋ ಒತ್ಗೆ ಎದುರಾಳಿ ಮಲಗಿರ್ತಾನೆ. ಅಲ್ಲಿ ಎಂಟು ರೌಂಡು. ಯಾವನೋ ಒಬ್ಬ ಕಾಯ್ಕೊಂಡು ನಿಂತು ಒಡೀತಾನೆ.”

“ತಿದ್ಕೊತೀನಿ ಸಾ.”

“ಎಷ್ಟು ವರ್ಷದಿಂದ ಕಿರುಚ್ತಾ ಇವ್ನಿ? ಕೈ ಕೇಳ್ಬೇಕಲ್ಲ. ಬ್ಯಾಡ ಅಂತ ಏಳ್ಬುಟ್ಟೆ ಅವ್ರಿಗೆ.”

ಸ್ವಾಮಿ ಕೈಗೆ ಸುತ್ತಿದ್ದ ಪಟ್ಟಿಯನ್ನು ಬಿಚ್ಚಿದ. ಪೂರ್ತಿ ಬಿಚ್ಚಿ, ಏನೋ ಮರೆತವನಂತೆ ಮತ್ತೆ ಸುತ್ತತೊಡಗಿದ.

“ಮನೇಲಿ ಏನನ್ಲಿ ಸಾ?” ಎಂದ. “ಊರೋರು ಪಟಾಕಿ ತಂದಿಟ್ಟವ್ರೆ.”

ಜವರಯ್ಯ ಗ್ಲೌಸುಗಳನ್ನು ಎತ್ತಿ ಮೊಳೆಗೆ ತಗುಲಿಹಾಕಿದ. ಸ್ವಾಮಿ ಬಗ್ಗಿ ಕಾಲು ಮುಟ್ಟಿ ಹೊರಟುಹೋದ. ಮತ್ತೆ ಆ ಹಾಲ್‌ಗೆ ಬರಲಿಲ್ಲ.

*

ಅಂಗಳದಲ್ಲಿ ಹೆಣ ಹೊರುವ ವಿಮಾನಕ್ಕೆ ಬಾಳೆಕಂದು ಕಟ್ಟುತ್ತಿದ್ದರು. ಎಲ್ಲರೂ ಒಬ್ಬರಿಗೊಬ್ಬರು ಬೇಕಾದವರೇ. ಜವರಯ್ಯ ಹುಣಸೆ ಮರದ ಕೆಳಗೆ ಒಂಟಿಯಾಗಿ ನಿಂತಿದ್ದ. ನಿವೃತ್ತನಾದ ಮೇಲೆ ತನ್ನನ್ನು ‘ಸಾ’ ಎಂದು ಯಾರಾದರೂ ಕರೆದದ್ದು ಇವತ್ತೇ.

“ಸಾ.” ನಂದಿತಾ ಬಂದು ನಿಂತಿದ್ದಳು. “ಅವತ್ತು ನಾನು ಅಳ್ದೇ ಇದ್ದಿದ್ರೆ ನಮ್ಮಣ್ಣ ಗೆಲ್ತಿದ್ನಾ?”

ಜವರಯ್ಯ ಮರದ ತೊಗಟೆ ಕೀಳತೊಡಗಿದ.

“ಬೈದಿದ್ರೂ ಸರಿಯಾಗ್ತಿತ್ತು. ಒಂದಿನಾನೂ ಬೈನಿಲ್ಲ. ಡ್ಯೂಟಿ ಮುಗ್ಸಿ ಬರೋನು, ಎಡಗೈನ ಟವಲ್ಲಲ್ಲಿ ಕುತ್ಗೆಗೆ ಕಟ್ಕೊಂಡು ಟೀವಿ ಮುಂದೆ ಕೂರೋನು. ನೋವಾ ಅಣ್ಣ ಅಂದ್ರೆ, ನೋವಲ್ಲ ಕಣವ್ವ, ಅಭ್ಯಾಸ ಅನ್ನೋನು. ಮೊನ್ನೆ ಸೋಮ್ವಾರಾನೂ ಅಂಗೇ ಕೂತಿದ್ದ.”

ಗದ್ದ ಬಿಟ್ಟು ಇಳಿಯದಂತೆ ಆ ಕೈಯನ್ನು ಪಳಗಿಸುತ್ತಿದ್ದ. ಇಷ್ಟು ವರ್ಷ. ಯಾರೂ ಕರೆಯದ ಆಟಕ್ಕಾಗಿ.

ನಿಜ ಹೇಳಿದರೆ ಇವಳ ಎದೆಯ ಭಾರ ಇಳಿಯುತ್ತದೆ. ಆದರೆ ಸ್ವಾಮಿ ಮನೆಯಲ್ಲಿ ಹೇಳಿದ ಸುಳ್ಳು ಬಯಲಾಗುತ್ತದೆ. ಅವನೋ ಅಲ್ಲೇ, ತನ್ನ ಅಂಗಳದಲ್ಲೇ, ಕೈ ಎತ್ತಲಾರದೆ ಕೂತಿದ್ದಾನೆ. ಗಂಟೆ ಬಾರಿಸಿದ ಮೇಲೆ ಹೊಡೆಯುವುದು ಹೇಗೆ?

“ಅಂಥ ಬಲಗೈ ನಾನು ಇನ್ನೊಂದು ಕಾಣ್ನಿಲ್ಲ ಕಣವ್ವ,” ಎಂದ.

ಅವಳು ಗೊತ್ತಿದ್ದದ್ದನ್ನೇ ಕೇಳಿದವಳಂತೆ ತಲೆಯಾಡಿಸಿ ಹೊರಟಳು.

ಬಿಸಿಲು ಇಳಿಮುಖವಾದಾಗ ಸ್ವಾಮಿಯನ್ನು ಗುಂಡಿಗೆ ಇಳಿಸಿ ಗೂಡಿನಲ್ಲಿ ಕೂರಿಸಿದರು. ಮಠದ ಅಯ್ನೋರು ಕೊರಳಿನ ಲಿಂಗವನ್ನು ಬಿಚ್ಚಿ, ಎಡಗೈ ಎತ್ತಿ, ಅಂಗೈಯಲ್ಲಿಟ್ಟರು. ಕೈ ಬಿಟ್ಟೊಡನೆ ಅದು ತೊಡೆಗೆ ಜಾರಿತು. ಮತ್ತೆ ಎತ್ತಿದರು. ಮತ್ತೆ ಜಾರಿತು. ಲಿಂಗ ಉರುಳುವಷ್ಟರಲ್ಲಿ ಯಾರೋ ಹಿಡಿದರು.

“ಸ್ವಾಮೀ! ಎಡಗೈ! ಎತ್ತೋ ಎಡಗೈ!”

ಕೂಗಿದ್ದು ತಾನೇ ಎಂದು ಜವರಯ್ಯನಿಗೆ ತಿಳಿದದ್ದು ಎಲ್ಲರೂ ತಿರುಗಿ ನೋಡಿದಾಗ. ಅವನ ಎಡಮುಷ್ಟಿ ಅವನದೇ ಗದ್ದದ ಹತ್ತಿರ ಬಂದು ನಿಂತಿತ್ತು.

ನಂದಿತಾ ಗುಂಡಿಯನ್ನು ಸುತ್ತಿಕೊಂಡು ಅವನ ಬಳಿಗೆ ಬಂದಳು.

“ಆಟದಲ್ಲೂ ಇಳೀತಿತ್ತಾ ಸಾ?”

“ದಣಿದ ಮೇಲೆ ಕಣವ್ವ.”

“ನೀವು ಬ್ಯಾಡ ಅಂದಿದ್ರಿ.”

ಅವನು ಮುಷ್ಟಿ ಇಳಿಸಿದ. ಅವಳು ಗೂಡಿನೊಳಗಿನ ಮುಖವನ್ನು ನೋಡುತ್ತಲೇ ನಿಂತಳು.

“ಕಳ್ಳ,” ಎಂದಳು ಮೆಲ್ಲಗೆ, ಕೆಳಗಿದ್ದವನಿಗೆ.

ಆಮೇಲೆ ಕಲ್ಲಯ್ಯನ ಹೆಗಲಿನಿಂದ ಟವೆಲ್ಲು ಎಳೆದುಕೊಂಡು ಮೊಣಕಾಲೂರಿ ಕೆಳಗೆ ಚಾಚಿದಳು.

“ಅಯ್ನೋರೆ, ಇದ್ರಲ್ಲಿ ಕುತ್ಗೆಗೆ ಕಟ್ಟಿ. ಅಂಗೇ ಅಭ್ಯಾಸ ಅವನ್ಗೆ.”

ಕಟ್ಟಿದರು, ಲಿಂಗ ಅಂಗೈಯಲ್ಲಿ ಕೂತಿತು. ವಿಭೂತಿ ಬಿತ್ತು, ಬಿಲ್ವಪತ್ರೆ ಬಿತ್ತು, ಆಮೇಲೆ ಮಣ್ಣು. ತಾಂಡ್ಯದ ಕಡೆಯಿಂದ ಪಾಳಿ ಮುಗಿದ ಸೈರನ್ ಕೂಗಿತು. ಮಣ್ಣು ಸೊಂಟಕ್ಕೆ ಬಂತು, ಎದೆಗೆ ಬಂತು. ಎಡಗೈ ಗದ್ದದ ಹತ್ತಿರವೇ ನಿಂತಿತ್ತು.