ಮರುಳಸಿದ್ದಪ್ಪನವರು ಬರೆದ ಶಿಫಾರಸು

ನಮ್ಮ ಕಚೇರಿಯ ಮೇಲಿನ ಮಹಡಿಯಲ್ಲಿ ಒಂದು ಗಾಜಿನ ಕೋಣೆಯಿತ್ತು. ಅದರ ಒಳಬದಿಗೆ ನೀಲಿ ಪರದೆ. ಪರದೆ ಸರಿದಿದ್ದರೆ ಒಳಗೆ ಯಾರೂ ಇಲ್ಲವೆಂದು ಅರ್ಥ. ಎಳೆದಿದ್ದರೆ ಏನೋ ತೀರ್ಮಾನವಾಗುತ್ತಿದೆಯೆಂದು ಅರ್ಥ. ಕೆಳಗೆ ಕೂತು ಕೆಲಸ ಮಾಡುತ್ತಿದ್ದ ನಾವು ಒಂಬತ್ತು ಜನ ಆಗಾಗ ತಲೆಯೆತ್ತಿ ನೋಡುತ್ತಿದ್ದೆವು. ಪರದೆ ಎಳೆದಿದ್ದರೆ ತಾವಾಗಿಯೇ ನಮ್ಮ ದನಿಗಳು ತಗ್ಗುತ್ತಿದ್ದವು. ಹದಿನೇಳು ವರ್ಷ ನಾನು ಹಾಗೆ ತಲೆಯೆತ್ತಿ ನೋಡಿದ್ದೇನೆ.

ಆಸ್ಪತ್ರೆಗಳಿಗೆ ಬೇಕಾದ ಸಾಫ್ಟ್‌ವೇರ್ ಸಿದ್ಧಪಡಿಸುವುದು ನಮ್ಮ ಕೆಲಸ. ರೋಗಿಯ ಹೆಸರು, ರಕ್ತದ ಗುಂಪು, ಯಾವ ಹೊತ್ತಿಗೆ ಯಾವ ಔಷಧಿ ಎಂಬುದನ್ನೆಲ್ಲ ತಪ್ಪಿಲ್ಲದೆ ಕಾಯ್ದಿಡಬೇಕು. ತಂಡದ ಮುಖ್ಯಸ್ಥರಾಗಿದ್ದ ಮರುಳಸಿದ್ದಪ್ಪನವರು ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡವರು, ಕೈಹಿಡಿದು ಕಲಿಸಿದವರು. ಪ್ರೋಗ್ರಾಂ ಬರೆಯುವುದಕ್ಕಿಂತ ಹೆಚ್ಚಾಗಿ ಅವರು ನನಗೆ ಕಲಿಸಿದ್ದು ವರದಿ ಬರೆಯುವುದನ್ನು. ನಾನು ಹತ್ತು ವಾಕ್ಯ ಬರೆದುಕೊಂಡು ಹೋದರೆ ಕೆಂಪು ಪೆನ್ಸಿಲ್ಲಿನಲ್ಲಿ ಒಂಬತ್ತನ್ನು ಹೊಡೆದುಹಾಕುತ್ತಿದ್ದರು.

"ಮೊದಲ ವಾಕ್ಯದಲ್ಲೇ ವಿಷಯ ಇರಬೇಕು ಕಣಯ್ಯ. ಓದೋವನನ್ನ ಕಾಯಿಸಬೇಡ. ಕೆಟ್ಟ ಸುದ್ದಿಯಾದ್ರೆ ಇನ್ನೂ ಕಾಯಿಸಬೇಡ," ಎನ್ನುತ್ತಿದ್ದರು.

ಅವರಿಗೆ ಐವತ್ತನಾಲ್ಕಾಗಿದ್ದಾಗ ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು. ಬೆಳಿಗ್ಗೆಯಿಂದ ಪರದೆ ಎಳೆದೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಅವರು ಮೆಟ್ಟಿಲಿಳಿದು ಬಂದು, ಕನ್ನಡಕದ ಡಬ್ಬಿಯನ್ನೂ ಊಟದ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡರು. ಒಬ್ಬೊಬ್ಬರ ಮೇಜಿನ ಹತ್ತಿರವೂ ನಿಂತು "ಚೆನ್ನಾಗಿರಿ" ಎಂದರು. ನನ್ನ ಮೇಜಿನ ಹತ್ತಿರವೂ ನಿಂತರು. ಮರುವಾರ ಅವರ ಕುರ್ಚಿ ನನಗೆ ಬಂತು.

ಕೂತ ಮೇಲೆ ತಿಳಿಯಿತು, ಆ ಕುರ್ಚಿ ಎಷ್ಟು ಚಿಕ್ಕದೆಂದು. ತೀರ್ಮಾನಗಳು ಮೊದಲಿನಂತೆ ಮೇಲಿನಿಂದಲೇ ಇಳಿದು ಬರುತ್ತಿದ್ದವು. ಮೇಲಿದ್ದವರೆಲ್ಲ ಎಂಬಿಎ ಓದಿದವರು. ನಲವತ್ತೊಂದನೆಯ ವಯಸ್ಸಿನಲ್ಲಿ ನಾನೂ ಓದಬೇಕೆಂದುಕೊಂಡೆ. ದೂರದ ಊರಿನ ಕಾಲೇಜೊಂದರಲ್ಲಿ ಅನುಭವಸ್ಥರಿಗೆಂದೇ ಎರಡು ವರ್ಷದ ತರಗತಿಯಿತ್ತು. ಕೆಲಸ ಬಿಟ್ಟು ಹೋಗಬೇಕಾಗಿತ್ತು.

"ಹದಿನೇಳು ವರ್ಷ ಕೆಲಸ ಮಾಡಿದೋರಿಗೆ ಕಾಲೇಜು ಇನ್ನೇನು ಕಲಿಸುತ್ತೆ?" ಎಂದು ಕೇಳಿದಳು ನನ್ನ ಹೆಂಡತಿ ವಿನುತಾ.

"ಮೇಲೆ ಕೂತೋರು ಹೇಗೆ ಯೋಚನೆ ಮಾಡ್ತಾರೆ ಅನ್ನೋದನ್ನ."

"ಅದು ಗೊತ್ತಾದ್ರೆ ನಿಮಗೆ ನಿದ್ದೆ ಬರುತ್ತಾ?"

ಎರಡು ವರ್ಷದಿಂದ ನನಗೆ ಸರಿಯಾಗಿ ನಿದ್ದೆಯಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಕಾರಣ ಗೊತ್ತಿರಲಿಲ್ಲ.

ಊಟದ ಮೇಜಿನ ಅರ್ಧಭಾಗದಲ್ಲಿ ಮಗಳು ಏಳನೆಯ ತರಗತಿಯ ಲೆಕ್ಕ ಮಾಡುತ್ತಿದ್ದರೆ, ಇನ್ನರ್ಧದಲ್ಲಿ ಕೂತು ನಾನು ಪ್ರವೇಶ ಪರೀಕ್ಷೆಗೆ ಓದಿದೆ. ಶೇಕಡಾವಾರು ಲೆಕ್ಕಗಳಲ್ಲಿ ಅವಳೇ ನನ್ನ ತಪ್ಪು ತಿದ್ದುತ್ತಿದ್ದಳು. ಪರೀಕ್ಷೆಯೇನೋ ಪಾಸಾಯಿತು. ತೊಡಕು ಬಂದದ್ದು ಅರ್ಜಿಯಲ್ಲಿ. ಅಭ್ಯರ್ಥಿಯನ್ನು ಹತ್ತು ವರ್ಷವಾದರೂ ಹತ್ತಿರದಿಂದ ಕಂಡ ಮೇಲಧಿಕಾರಿಯೊಬ್ಬರ ಶಿಫಾರಸು ಪತ್ರ ಬೇಕೆಂದು ಅದರಲ್ಲಿತ್ತು. ಮೇಲಿನವರಲ್ಲಿ ಯಾರು ಬಂದೂ ಮೂರು ವರ್ಷವಾಗಿರಲಿಲ್ಲ. ಅಂಥ ಪತ್ರ ಬರೆಯಬಲ್ಲವರು ಒಬ್ಬರೇ ಇದ್ದರು.

ಮರುಳಸಿದ್ದಪ್ಪನವರು ಆಗ ತಾಲ್ಲೂಕು ಕಚೇರಿಯ ಪಕ್ಕದ ಇಕ್ಕಟ್ಟಾದ ಮಳಿಗೆಯೊಂದರಲ್ಲಿ ಕೂತು, ಪಿಂಚಣಿ, ಪಡಿತರ ಚೀಟಿ, ಜಾತಿ ಪ್ರಮಾಣಪತ್ರಕ್ಕೆಂದು ಬರುವವರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುತ್ತಿದ್ದರು. ಬೇರೆ ಕಡೆ ಅವರ ವಯಸ್ಸಿಗೆ ಕೆಲಸ ಸಿಕ್ಕಿರಲಿಲ್ಲ. ಅವರು ಅಲ್ಲಿರುವುದು ನನಗೆ ಗೊತ್ತಿತ್ತು. ಆ ಬೀದಿಯಲ್ಲಿ ಹೋಗುವಾಗ ಎರಡು ವರ್ಷ ನಾನು ಆಚೆ ಬದಿಗೆ ದಾಟಿ ನಡೆದಿದ್ದೆ.

"ಬಾರಯ್ಯ, ಕೂತ್ಕೋ. ಮಗಳು ಏಳನೇ ಕ್ಲಾಸಲ್ವ ಈಗ?" ಎಂದರು, ನಿನ್ನೆಯಷ್ಟೇ ಕಂಡವರಂತೆ.

ಬಂದ ಕೆಲಸ ಹೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಆಫೀಸಿನಲ್ಲಿ ಅವರನ್ನು ಪಂಚೆಯಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ.

"ಓದಬೇಕು ಅಂತ ಆಸೆನೋ, ಅಲ್ಲಿಂದ ಎದ್ದು ಹೋಗಬೇಕು ಅಂತ ಆಸೆನೋ?"

"ಎರಡೂ ಇರಬಹುದು ಸರ್."

"ಇರಲಿ. ಯಾವುದು ಹೆಚ್ಚು ಅಂತ ನಿನಗಾದ್ರೂ ಗೊತ್ತಿರಲಿ."

ಕಾಯುತ್ತಿದ್ದ ಇಬ್ಬರ ಕೆಲಸ ಮುಗಿಸಿ ನನ್ನ ಪತ್ರ ಬರೆಯಲು ಕೂತರು. ಅರ್ಧ ಗಂಟೆ ಹಿಡಿಯಿತು. ಲಕೋಟೆಗೆ ಅಂಟು ಹಚ್ಚಿ, ಮೇಲೆ ಸಹಿ ಹಾಕಿ ಕೊಟ್ಟರು. "ಅಭ್ಯರ್ಥಿ ನೋಡಬಾರದು ಅಂತ ನಿಯಮ ಇದೆ. ಇಲ್ಲದಿದ್ರೆ ತೋರಿಸ್ತಿದ್ದೆ," ಎಂದರು.

ಸಂದರ್ಶನದಲ್ಲಿ ಮೂವರಿದ್ದರು. ನಡುವೆ ಕೂತಿದ್ದ ನರೆಗೂದಲಿನ ಪ್ರಾಧ್ಯಾಪಕಿ ನನ್ನ ಕಾಗದಗಳನ್ನು ತಿರುವುತ್ತ ಒಂದು ಹಾಳೆಗೆ ಬಂದು ನಿಲ್ಲಿಸಿದರು.

"ನಿಮ್ಮ ಹಿಂದಿನ ಮೇಲಧಿಕಾರಿ ಬರೆದಿದ್ದಾರೆ: 'ಕಷ್ಟದ ತೀರ್ಮಾನವನ್ನು ಒಂದೇ ವಾಕ್ಯದಲ್ಲಿ ಬರೆಯಬಲ್ಲ ಮನುಷ್ಯ. ಇದನ್ನು ನಾನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ.' ಅಂಥದ್ದೊಂದು ಉದಾಹರಣೆ ಹೇಳ್ತೀರಾ?"

ಮರುಳಸಿದ್ದಪ್ಪನವರಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

ಎರಡು ವರ್ಷದ ಹಿಂದೆ ಒಂದು ದಿನ ನನ್ನನ್ನು ಆ ಗಾಜಿನ ಕೋಣೆಗೆ ಕರೆಸಿದ್ದರು. ಪರದೆಯನ್ನು ಒಳಗಿನಿಂದ ನೋಡಿದ್ದು ಅದೇ ಮೊದಲು. ಒಂಬತ್ತು ಜನರಲ್ಲಿ ಒಬ್ಬರು ಹೋಗಬೇಕು, ಜೊತೆಯಲ್ಲಿ ಕೆಲಸ ಮಾಡುವವರಿಗೇ ಅದು ಚೆನ್ನಾಗಿ ತಿಳಿಯುತ್ತದೆ, ಹೆಸರು ಮತ್ತು ಕಾರಣ ಬರೆದುಕೊಡಿ, ನಿಮ್ಮ ಸಹಿ ಬೇಡ ಎಂದರು. ನಾನು ಬರೆದುಕೊಟ್ಟೆ: 'ಮರುಳಸಿದ್ದಪ್ಪನವರ ಅನುಭವ ದೊಡ್ಡದು, ಆದರೆ ಅದು ನಾವು ಈಗ ಮಾಡದ ಕೆಲಸದ ಅನುಭವ.' ಅದು ಸುಳ್ಳಾಗಿರಲಿಲ್ಲ. ಪೂರ್ತಿ ನಿಜವೂ ಆಗಿರಲಿಲ್ಲ. ಆರು ತಿಂಗಳು ಕೊಟ್ಟಿದ್ದರೆ ಹೊಸ ಕೆಲಸವನ್ನು ಅವರು ಕಲಿತುಬಿಡುತ್ತಿದ್ದರು. ಬೇರೆ ಯಾವ ಹೆಸರು ಬರೆದರೂ ಅದು ನನಗಿಂತ ಚಿಕ್ಕ ವಯಸ್ಸಿನವರದ್ದಾಗುತ್ತಿತ್ತು, ಆಗ ಮೇಲಿನವರು ನನ್ನನ್ನೇ ತಿರುಗಿ ನೋಡಬಹುದೆಂಬ ಭಯ ನನಗಿತ್ತು.

ಹೆಸರೊಂದನ್ನು ಬಿಟ್ಟು ಇಷ್ಟನ್ನೂ ಆ ಮೂವರ ಮುಂದೆ ಹೇಳಿದೆ. ನನ್ನನ್ನು ಅವರು ತಿರಸ್ಕರಿಸಲಿ ಎಂದು ಮನಸ್ಸಿನ ಯಾವುದೋ ಮೂಲೆ ಹಾರೈಸುತ್ತಿತ್ತು. ಪ್ರಾಧ್ಯಾಪಕಿ ಪತ್ರದತ್ತ ಮತ್ತೊಮ್ಮೆ ಕಣ್ಣು ಹಾಯಿಸಿದರು. ಪಕ್ಕದಲ್ಲಿದ್ದವರು ಮೆಚ್ಚುಗೆಯಿಂದ ತಲೆದೂಗಿ, "ಭಾವನೆಗೆ ಸಿಕ್ಕಿಕೊಳ್ಳದೆ ಯೋಚಿಸಿದ್ದೀರಿ. ಇದು ಎಲ್ಲರಿಗೂ ಬರೋದಿಲ್ಲ," ಎಂದರು. ಹದಿನೈದು ದಿನಕ್ಕೆ ಸೀಟು ಸಿಕ್ಕಿರುವ ಪತ್ರ ಬಂತು.

ಆ ಪತ್ರ ಹಿಡಿದುಕೊಂಡು ಮಳಿಗೆಗೆ ಹೋದೆ.

"ಯಾವಾಗ ಗೊತ್ತಾಯ್ತು ಸರ್?"

"ನನ್ನನ್ನ ತೆಗೆದ ದಿನವೇ. ಕಾರಣ ಕೇಳಿದೆ, ಆ ಚೀಟಿ ತೋರಿಸಿದ್ರು. ನಾಲ್ಕು ದಿನದ ಹಿಂದಿನ ತಾರೀಕಿತ್ತು, ಸಹಿ ಇರಲಿಲ್ಲ. ಸಹಿ ಯಾಕೆ ಬೇಕು? ವಾಕ್ಯ ನಿನ್ನದು. ಮೊದಲ ಮಾತಿನಲ್ಲೇ ವಿಷಯ ಇತ್ತು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಚೆನ್ನಾಗಿ ಬರೆದಿದ್ದೆ."

"ಮತ್ತೆ ಶಿಫಾರಸು ಯಾಕೆ ಬರೆದ್ರಿ?"

"ನೀನು ಕೇಳಿದೆ. ಇದ್ದದ್ದನ್ನ ಬರೆದೆ." ಸ್ವಲ್ಪ ಹೊತ್ತು ಬೀದಿಯ ಕಡೆ ನೋಡಿದರು. "ಹೆಸರು ಬರೆದದ್ದಕ್ಕೆ ನನಗೆ ನೋವಾಗಲಿಲ್ಲ ಅಂತಲ್ಲ. ಯಾರೋ ಒಬ್ಬರ ಹೆಸರು ಬರೀಲೇಬೇಕಿತ್ತು. ಆದ್ರೆ ಅದಾದ ಮೇಲೆ ನಾಲ್ಕು ದಿನ ನನ್ನ ಎದುರಿಗೆ ಕೂತು ಟೀ ಕುಡಿದೆಯಲ್ಲ. ನನ್ನ ಮಂಡಿ ನೋವು ಹೇಗಿದೆ ಅಂತ ವಿಚಾರಿಸಿದೆ. ಎಷ್ಟು ಯೋಚಿಸಿದ್ರೂ ಆ ನಾಲ್ಕು ದಿನ ನನಗೆ ಅರ್ಥ ಆಗಲಿಲ್ಲ."

ನನಗೂ ಅರ್ಥವಾಗಿರಲಿಲ್ಲ. "ನಾನು ಹೋಗೋದಿಲ್ಲ ಸರ್. ಈ ಸೀಟು ಬಿಟ್ಟುಬಿಡ್ತೀನಿ," ಎಂದೆ.

ಆಗ ಮಾತ್ರ ಅವರ ಮುಖ ಗಡುಸಾಯಿತು.

"ಬಿಡು, ಬೇಡ ಅನ್ನಲ್ಲ. ಆದ್ರೆ ಕಾರಣ ನಿನ್ನದಾಗಿರಲಿ. ಒಂದು ಸಲ ನನ್ನ ಹೆಸರು ಬರೆದಿದ್ದೀಯ. ಇದಕ್ಕೂ ನನ್ನ ಹೆಸರನ್ನೇ ಬರೀಬೇಡ."

ಮನೆಗೆ ಬಂದು ವಿನುತಾಳಿಗೆ ಎಲ್ಲವನ್ನೂ ಹೇಳಿದೆ. "ಅವರ ಮನೇಲಿ ಎಷ್ಟು ಸಲ ಊಟ ಮಾಡಿದ್ದೀವಿ," ಎಂದಳು ಅವಳು. ಹೋಗಬೇಡಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

ನಾನು ಹೋದೆ. ಓದಿ ಮುಗಿಸಿ ಬೇರೊಂದು ಊರಿನ ಬೇರೊಂದು ಕಂಪನಿಯ ಮೇಲಿನ ಮಹಡಿಗೆ ಸೇರಿದೆ. ಅಲ್ಲಿಯೂ ಹೆಸರು ಬರೆಯುವ ದಿನಗಳು ಬಂದವು. ಬರೆದ ದಿನವೇ ಆಯಾ ಮನುಷ್ಯರ ಮೇಜಿನ ಬಳಿಗೆ ಹೋಗಿ, ಬರೆದವನು ನಾನೇ ಎಂದು ಹೇಳಿದೆ. ಅದರಿಂದ ಯಾರ ದುಃಖವೂ ಕಡಿಮೆಯಾದದ್ದನ್ನು ನಾನು ಕಾಣಲಿಲ್ಲ. ಒಬ್ಬಾಕೆ, "ಹೇಳಿ ಹಗುರಾಗೋಕೆ ಬಂದ್ರಾ?" ಎಂದು ಕೇಳಿದ್ದಳು. ಮರುಳಸಿದ್ದಪ್ಪನವರು ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ತಿಂಗಳು ಕಳೆದಿತ್ತು.

ಅದೆಲ್ಲ ಆಮೇಲಿನ ಮಾತು. ಊರು ಬಿಡುವ ಹಿಂದಿನ ದಿನ ಮಧ್ಯಾಹ್ನ, ಅವರಿಗೆ ಹೇಳಿ ಹೊರಡೋಣವೆಂದು ಮಳಿಗೆಯವರೆಗೆ ಹೋಗಿದ್ದೆ. ಒಳಗೆ ಮುದುಕಿಯೊಬ್ಬಳು ಪಿಂಚಣಿಗೆ ಹೆಬ್ಬೆಟ್ಟು ಕೊಡಲು ಬಂದಿದ್ದಳು. ದುಡಿದು ದುಡಿದು ಬೆರಳಿನ ಗೆರೆಗಳೇ ಸವೆದುಹೋಗಿ, ಯಂತ್ರ ಅವಳನ್ನು ಗುರುತಿಸುತ್ತಿರಲಿಲ್ಲ. ಮರುಳಸಿದ್ದಪ್ಪನವರು ಅವಳ ಕೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು, ಒದ್ದೆ ಬಟ್ಟೆಯಿಂದ ಆ ಹೆಬ್ಬೆರಳನ್ನು ಮೆಲ್ಲಗೆ ಒರೆಸುತ್ತಿದ್ದರು. "ಅವಸರ ಇಲ್ಲ ಅವ್ವ. ಇನ್ನೊಂದು ಸಲ ಇಡು," ಎನ್ನುತ್ತಿದ್ದರು. ಅವಳು ಇಟ್ಟಳು. ಕೆಂಪು ದೀಪ ಹತ್ತಿತು. ಅವರು ಮತ್ತೆ ಒರೆಸಿದರು. ಹೊಸ್ತಿಲಾಚೆ ನಿಂತಿದ್ದ ನನ್ನನ್ನು ಅವರು ನೋಡಲಿಲ್ಲ, ನಾನು ಕರೆಯಲಿಲ್ಲ. ಆ ಮುದುಕಿ ಬಗ್ಗಿ, ಉಸಿರು ಬಿಗಿಹಿಡಿದು, ಗಾಜಿನ ಮೇಲೆ ಮತ್ತೊಮ್ಮೆ ಬೆರಳನ್ನು ಒತ್ತುತ್ತಿದ್ದಳು.