ಪರದೆಯ ಹಿಂದಿನ ಸಾಲು

ಪುಟ್ಟೇನಹಳ್ಳಿ ಕೆರೆಯ ಏರಿ ಇಳಿದರೆ ಮುನೇಶ್ವರನ ಗುಡಿ. ಗುಡಿಯ ಮುಂದೆ ಬೇವಿನ ಮರ, ಮರದಾಚೆ ಹುಲ್ಲು ಬೆಳೆದ ಸಣ್ಣ ಬಯಲು. ಸುತ್ತಲೂ ಐದಂತಸ್ತಿನ ಮನೆಗಳು ಎದ್ದಿದ್ದರೂ ಆ ಬಯಲಿಗೆ ಯಾರೂ ಕೈ ಹಾಕಿಲ್ಲ. ಸ್ವಾಮಿಯ ಜಾಗ ಎಂದು ಕೆಲವರು ಹೇಳುತ್ತಾರೆ, ಕೋರ್ಟಿನಲ್ಲಿದೆ ಎಂದು ಕೆಲವರು. ಹಳಬರನ್ನು ಕೇಳಿದರೆ ಅದು ಟೆಂಟಿನ ಜಾಗ ಎಂದು ಹೇಳಿ ಮಾತು ಅಲ್ಲಿಗೆ ನಿಲ್ಲಿಸುತ್ತಾರೆ.

ಪುಟ್ಟೇನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ, ಸುಗ್ಗಿ ಮುಗಿದ ಮೇಲೆ, ಅಲ್ಲಿಗೆ ಟೆಂಟು ಸಿನಿಮಾ ಬರುತ್ತಿತ್ತು. ನಡುವೆ ಬಿಳಿ ಪರದೆ. ಊರಿನವರೆಲ್ಲ ಪರದೆಯ ಮುಂದೆ ಕೂರುತ್ತಿದ್ದರು. ಹೆಂಡದಂಗಡಿಯಿಂದ ನೇರ ಟೆಂಟಿಗೆ ಬರುವ ಗಂಡಸರ ಹೆಂಡತಿಯರು ಮಾತ್ರ ಪರದೆಯ ಹಿಂದೆ, ಕೆರೆಯ ಕಡೆ, ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಅಲ್ಲಿದ್ದರೆ ಗಂಡನ ಕಣ್ಣಿಗೆ ಬೀಳುತ್ತಿರಲಿಲ್ಲ. ಬಟ್ಟೆ ತೆಳುವಾದ್ದರಿಂದ ಚಿತ್ರ ಆಚೆಗೂ ಕಾಣುತ್ತಿತ್ತು. ಎಡ ಬಲಕ್ಕೆ, ಬಲ ಎಡಕ್ಕೆ ಹೊರಳಿರುತ್ತಿತ್ತು, ಅಷ್ಟೇ. ಇದು ಯಾರೂ ಕುಳಿತು ಮಾಡಿದ ಕಟ್ಟಳೆಯಲ್ಲ. ನೀರು ತಗ್ಗಿಗೆ ಹರಿದ ಹಾಗೆ ಅವರು ಅಲ್ಲಿಗೆ ಹೋಗಿ ಕೂರುತ್ತಿದ್ದರು.

ಈ ವರ್ಷದ ಕಾರ್ತಿಕದಲ್ಲಿ, ಕಡೆಯ ಸೋಮವಾರದ ದೀಪೋತ್ಸವದ ಜೊತೆಗೆ ಒಂದು ಹಳೆಯ ಸಿನಿಮಾ ತೋರಿಸಬೇಕೆಂದು ಗುಡಿಯ ಹುಡುಗರು ತೀರ್ಮಾನಿಸಿದರು. ಅವರ ಮುಂದಾಳು ಚೈತನ್ಯ. ಸಿನಿಮಾ ನೋಡಿ ಬಂದವರ ಬಾಯಿಗೆ ಮೈಕು ಹಿಡಿದು ಅಭಿಪ್ರಾಯ ಕೇಳುವುದು, ಅದನ್ನು ಯೂಟ್ಯೂಬಿಗೆ ಹಾಕುವುದು ಅವನ ಹುಚ್ಚು. ಅವನು ಆರಿಸಿದ್ದು ಊರಿನ ಹಳಬರೆಲ್ಲ ‘ಕುಡುಕ ಸಾಹುಕಾರನ ಪಿಚ್ಚರ್’ ಎಂದು ಕರೆಯುವ ಕಪ್ಪು ಬಿಳುಪಿನ ಚಿತ್ರ. ಟೆಂಟಿನ ಕಾಲದಲ್ಲಿ ಅದೇ ಬಯಲಿನಲ್ಲಿ ಅದು ಮತ್ತೆ ಮತ್ತೆ ಓಡಿತ್ತು.

ಚೈತನ್ಯನ ದೊಡ್ಡಪ್ಪ ಶಿವರಾಮ್ ಅವರ ಮಗಳು ಅರ್ಪಿತ. ಜೆ.ಪಿ. ನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಅವಳಿಗೆ ಗೊಟ್ಟಿಗೆರೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ನಂದಕುಮಾರ್. ಬಾಡಿಗೆ ಮನೆಗಳಿವೆ, ಕಲ್ಯಾಣ ಮಂಟಪವಿದೆ, ಬಾಯಿ ತುಂಬ ನಗೆಯಿದೆ. ಕುಡಿತವೂ ಇದೆ. ಹೆಣ್ಣು ನೋಡಲು ಬಂದ ದಿನ ಮಧ್ಯಾಹ್ನವೇ ಏರಿಸಿಕೊಂಡು ಪಕ್ಕದ ಮನೆಗೆ ನುಗ್ಗಿ, ಅವರು ಕೊಟ್ಟ ಉಪ್ಪಿಟ್ಟು ತಿಂದು, ಹುಡುಗಿ ಒಪ್ಪಿಗೆ ಎಂದು ಹೇಳಿ ಹೋಗಿದ್ದ. ಕೇರಿಯೆಲ್ಲ ಹೊಟ್ಟೆ ಹಿಡಿದು ನಕ್ಕಿತ್ತು. ಅರ್ಪಿತಳೂ ನಕ್ಕಿದ್ದಳು. ಮರುದಿನ ಅವನು ಕೈಮುಗಿದು ಕ್ಷಮೆ ಕೇಳಿದಾಗ ಅವಳ ಮನಸ್ಸು ಅರ್ಧ ಒಲಿದೂ ಇತ್ತು. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಬುಧವಾರ ಅವರ ಕಡೆಯವರು ಹೂ ಮುಡಿಸಲು ಬರುವವರಿದ್ದರು. ಹೂಂ ಅಥವಾ ಉಹೂಂ ಎಂಬುದನ್ನು ಅವಳು ದೀಪೋತ್ಸವದ ಸೋಮವಾರ ರಾತ್ರಿಯೊಳಗೆ ಹೇಳಬೇಕಿತ್ತು.

ಅಜ್ಜಿ ಮುನಿಲಕ್ಷ್ಮಮ್ಮ ಮಾತ್ರ ಏನೂ ಹೇಳಿರಲಿಲ್ಲ. ಅವಳ ಗಂಡ ಬೋರಣ್ಣ ಸತ್ತು ಬಹಳ ಕಾಲವಾಗಿದ್ದರೂ ಅವನು ಕುಡಿದು ಮಾಡಿದ ತಮಾಷೆಗಳು ಊರಿನಲ್ಲಿ ಇನ್ನೂ ಬದುಕಿದ್ದವು. ಎಮ್ಮೆಯ ಮೇಲೆ ಕೂತು ಬೇಗೂರಿನ ನಾಗೇಶ್ವರನ ಗುಡಿಯವರೆಗೆ ಹೋದದ್ದು, ಬೆದರುಬೊಂಬೆಗೆ ತನ್ನ ಅಂಗಿ ತೊಡಿಸಿ ಅದರ ಜೊತೆ ಜಗಳವಾಡಿದ್ದು. ಯಾರಾದರೂ ಆ ಕತೆ ತೆಗೆದರೆ ಎಲ್ಲರೂ ನಗುತ್ತಿದ್ದರು. ಮುನಿಲಕ್ಷ್ಮಮ್ಮ ಸೆರಗನ್ನು ಕೆನ್ನೆಗೆ ಒತ್ತಿಕೊಂಡು ಕೆಲಸ ನೋಡಿಕೊಳ್ಳುತ್ತಿದ್ದಳು.

ಆ ಸೋಮವಾರ ಸಂಜೆ, ಏನು ಹೇಳಲಿ ಎಂದು ಅರ್ಪಿತ ಅಜ್ಜಿಯನ್ನು ನೇರವಾಗಿಯೇ ಕೇಳಿದಳು. ಅಜ್ಜಿ ಎಣ್ಣೆ ಬಟ್ಟಲು ಎತ್ತಿಕೊಳ್ಳುತ್ತ, “ಮೊದ್ಲು ಆ ಪಿಚ್ಚರ್ ನೋಡ್ಕಂಡ್ ಬಾ. ಪೂರ್ತಿ ನೋಡು,” ಎಂದಳು. ತಾನೂ ಗುಡಿಗೆ ಬಂದಳು. ಆದರೆ ಬಯಲಿಗೆ ಬೆನ್ನು ಮಾಡಿ ಗುಡಿಯ ಜಗಲಿಯಲ್ಲಿ ಕೂತು ಬತ್ತಿ ಹೊಸೆಯತೊಡಗಿದಳು.

ಸೂರ್ಯ ಮುಳುಗಿ ದೀಪಗಳು ಹತ್ತಿದವು. ಬೇವಿನ ಮರಕ್ಕೂ ಲೈಟು ಕಂಬಕ್ಕೂ ನಡುವೆ ಶಾಮಿಯಾನದವರ ಬಿಳಿ ಬಟ್ಟೆ ಕಟ್ಟಿದ್ದರು. ಮುಂದೆ ಕುರ್ಚಿಗಳು. ಹಿಂದೆ ಬರಿಯ ಹುಲ್ಲು, ಕೆರೆ, ಕತ್ತಲೆ.

ಚಿತ್ರದ ಸಾಹುಕಾರ ಹಗಲೂ ಇರುಳೂ ಕುಡಿಯುವವನು. ದಿನವೂ ತನ್ನ ಬಂಗಲೆಯೆಂದು ಒಬ್ಬ ಬಡ ಹುಡುಗಿಯ ಮನೆಯ ಬಾಗಿಲು ಬಡಿಯುತ್ತಾನೆ. ಅವಳು ಮಜ್ಜಿಗೆ ಕೊಟ್ಟು, ಲಾಟೀನು ಹಿಡಿದು ಅವನ ಮನೆಗೆ ಬಿಟ್ಟು ಬರುತ್ತಾಳೆ. ಹಾಗೆ ಬಿಟ್ಟು ಬರುವುದರಲ್ಲೇ ಪ್ರೀತಿ ಹುಟ್ಟುತ್ತದೆ. ಅವನು ಕಾರು ಸಮೇತ ಕೊಳಕ್ಕೆ ಬಿದ್ದಾಗ ಬಯಲು ಉರುಳಾಡಿ ನಕ್ಕಿತು. ನಂದಕುಮಾರ್ ಮುಂದಿನ ಸಾಲಿನಲ್ಲಿ ಕೂತು, ಕೈಯಲ್ಲಿ ಸ್ಟೀಲ್ ಬಾಟಲಿ ಹಿಡಿದು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಬಾಟಲಿಯಲ್ಲಿದ್ದದ್ದು ನೀರಲ್ಲವೆಂದು ಪಕ್ಕದವರಿಗೆಲ್ಲ ಗೊತ್ತಿತ್ತು.

ನಡುವೆ ವಿರಾಮ ಬಂದಾಗ ಚೈತನ್ಯ ಮೈಕು ಹಿಡಿದು ಹೊರಟ. ಶಿವರಾಮ್ ಅವರ ಕಟ್ಟಡದಲ್ಲೇ ಬಾಡಿಗೆಗಿರುವ ದಾವಣಗೆರೆ ಕಡೆಯ ಬಟ್ಟೆ ವ್ಯಾಪಾರಿ ಗುರುಬಸಪ್ಪ, ಕುಡುಕನಾದರೂ ಮನಸ್ಸು ಬೆಣ್ಣೆ, ಅಂಥವರು ಈಗೆಲ್ಲಿ ಸಿಗುತ್ತಾರೆ ಎಂದರು. ಇನ್ನೊಬ್ಬರು, ನಮ್ಮ ಬೋರಣ್ಣನೇ ಕಣ್ಮುಂದೆ ಬಂದ ಹಾಗಾಯಿತು ಎಂದು ಕಣ್ಣೊರೆಸಿಕೊಂಡರು. ಗುರುಬಸಪ್ಪನವರ ಸೊಸೆ ಸಂಗೀತಾ ಮಾತ್ರ, “ಅವನತ್ರ ಬಂಗಲೆ ಇಲ್ದೇ ಹೋಗಿದ್ರೆ ಇದು ಕಾಮಿಡಿ ಆಗ್ತಿತ್ತಾ? ಬಾಗಿಲು ಬಡಿದ ಮೊದಲ ದಿನಾನೇ ಪೊಲೀಸರನ್ನ ಕರೀತಿದ್ವಿ,” ಎಂದಳು. ಮಾವ ನಕ್ಕರು. ಸೊಸೆ ನಗಲಿಲ್ಲ.

ಹೆಂಗಸರು ಕ್ಯಾಮೆರಾ ಕಂಡರೆ ನಾಚುತ್ತಾರೆ, ನೀನು ಕೇಳಿಕೊಂಡು ಬಾ ಎಂದು ಚೈತನ್ಯ ಅಕ್ಕನ ಕೈಗೆ ಮೈಕು ಕೊಟ್ಟ. ಚಿತ್ರ ಮತ್ತೆ ಶುರುವಾಗಿತ್ತು. ಅರ್ಪಿತ ಕುರ್ಚಿಗಳ ಪಕ್ಕದಲ್ಲೇ ಬರುತ್ತಿದ್ದಾಗ ಒಂದು ಸಂಗತಿ ಕಿವಿಗೆ ಬಿತ್ತು. ಸಾಹುಕಾರ ಹುಡುಗಿಗೆ ಹೂ ಕೊಟ್ಟ. ಮುಂದಿನವರು ಶಿಳ್ಳೆ ಹಾಕಿದರು. ಅದೇ ಹೊತ್ತಿಗೆ ಪರದೆಯ ಹಿಂದಿನಿಂದ ಅನೇಕ ಹೆಂಗಸರು ಒಟ್ಟಿಗೆ ಲೊಚಗುಟ್ಟಿದ ಸದ್ದು ಬಂತು, ಹಾಲು ಉಕ್ಕಿ ಚೆಲ್ಲಿದಾಗ ಲೊಚಗುಟ್ಟುವ ಹಾಗೆ.

ಅವಳು ಬೇವಿನ ಮರ ಸುತ್ತಿ ಆಚೆಗೆ ಹೋದಳು.

ಹುಲ್ಲಿನ ಮೇಲೆ ಚಾಪೆಗಳು. ಚಾಪೆಗಳ ಮೇಲೆ ಸಾಲು ಸಾಲಾಗಿ ಹೆಂಗಸರು. ಬಟ್ಟೆಯಿಂದ ಸೋಸಿ ಬಂದ ಬೆಳಕು ಅವರ ಮುಖದ ಮೇಲೆ ಅಲುಗುತ್ತಿತ್ತು. ಹಳೇ ಕೇರಿಯವರು, ಕುರ್ಚಿ ಸಿಗದೆ ಇಲ್ಲಿ ಕೂತಿದ್ದಾರೆ ಎಂದುಕೊಂಡಳು. ಯಾರ ಕೈಯಲ್ಲೂ ಫೋನಿರಲಿಲ್ಲ. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿದ್ದರೂ ಯಾರ ಸೆರಗೂ ಅಲುಗುತ್ತಿರಲಿಲ್ಲ. ಅದು ಅವಳ ಗಮನಕ್ಕೆ ಬಂದದ್ದು ಆಮೇಲೆ.

ಮುಂದಿನ ಸಾಲಿನ ಹೆಂಗಸಿನ ಪಕ್ಕ ಬಾಗಿ, “ಆಂಟಿ, ಪಿಚ್ಚರ್ ಹೆಂಗಿದೆ?” ಎಂದಳು.

ಆ ಹೆಂಗಸು ಸೆರಗನ್ನು ಕೆನ್ನೆಗೆ ಒತ್ತಿಕೊಂಡಿದ್ದಳು. ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಎಡಗೈಲಿ ಹೂ ಕೊಡ್ತಾನೆ ಕಣವ್ವ. ಮಜ್ಜಿಗೇನೂ ಎಡಗೈಲೇ ಇಸ್ಕಂಡ. ಅಂಥೋನು ಮನೆ ಮಾಡ್ತಾನಾ?”

ಅರ್ಪಿತಳಿಗೆ ನಗು ಬಂತು. ತಿರುಗುಮುರುಗಾಗಿ ಬರೆದ ಅಕ್ಷರಗಳನ್ನು ಕನ್ನಡಿಯಲ್ಲಿ ನೆಟ್ಟಗೆ ತೋರಿಸುವುದು ಅವಳ ದಿನದ ಕೆಲಸ. ಇಲ್ಲಿಂದ ಎಲ್ಲ ಉಲ್ಟಾ ಕಾಣುತ್ತದೆ, ಮುಂದಿನಿಂದ ನೋಡಿದರೆ ಅವನು ಬಲಗೈಯಲ್ಲೇ ಕೊಟ್ಟದ್ದು ಎಂದು ವಿವರಿಸಿದಳು.

“ಆ ಕಡೆಯಿಂದ ಎಲ್ರಿಗೂ ಹಂಗೇ ಕಾಣ್ತದೆ,” ಎಂದಳು ಹೆಂಗಸು.

ಹಿಂದಿನ ಸಾಲುಗಳು ಹೂಂಗುಟ್ಟಿದವು. ಒಬ್ಬಳು, ಅವನ ನಗು ಚೆಂದ, ಅದೇ ಮೋಸ ಎಂದಳು. ಇನ್ನೊಬ್ಬಳು, ಹಗಲು ಎಷ್ಟು ನಗಿಸುತ್ತಾನೋ ಅದನ್ನೆಲ್ಲ ರಾತ್ರಿ ತೀರಿಸಬೇಕು ಎಂದಳು. ಮತ್ತೊಬ್ಬಳು, ಲಾಟೀನು ಹಿಡಿದವಳ ಕೈ ನೋಡಿ, ಅಲ್ಲಿ ಬಳೆ ಎಷ್ಟು ಉಳಿದಿವೆ ನೋಡಿ ಎಂದಳು. ಯಾರ ದನಿಯಲ್ಲೂ ಕೋಪವಿರಲಿಲ್ಲ. ನೆಲ್ಲು ಕೇರುತ್ತ ಆಡುವ ಮಾತಿನ ಹಾಗಿತ್ತು. ಸೆರಗುಗಳು ಅಲುಗುತ್ತಿಲ್ಲವೆಂಬುದು ಅರ್ಪಿತಳ ಕಣ್ಣಿಗೆ ಬಿದ್ದದ್ದು ಆಗ.

ಚಿತ್ರದ ಕಡೆಯ ದೃಶ್ಯ ಬಂತು. ಸಾಹುಕಾರ ಬಾಟಲಿಯನ್ನು ಬಾವಿಗೆ ಎಸೆದ. ಮದುವೆಯ ಬಟ್ಟೆಯಲ್ಲಿ ಇಬ್ಬರೂ ಬಂಗಲೆಯ ಮೆಟ್ಟಿಲ ಮೇಲೆ ನಿಂತರು. ಮುಂದಿನವರಿಗೆ ಅವಳು ಅವನ ಎಡಕ್ಕೆ ನಿಂತಿದ್ದಳು, ಹೆಂಡತಿ ನಿಲ್ಲಬೇಕಾದ ಕಡೆ. ಇಲ್ಲಿಂದ ನೋಡಿದರೆ ಅವಳು ಅವನ ಬಲಕ್ಕಿದ್ದಳು, ತಾಳಿ ಕಟ್ಟುವ ಮೊದಲು ಹೆಣ್ಣು ಇರುವ ಕಡೆ.

ಸಾಲುಗಳೆಲ್ಲ ಒಮ್ಮೆಗೇ ಮುಂದಕ್ಕೆ ಬಾಗಿದವು.

“ನೋಡು, ಬಲಕ್ಕೆ ನಿಂತವ್ಳೆ,” ಎಂದಳು ಕೆನ್ನೆ ಮುಚ್ಚಿದ ಹೆಂಗಸು. ಅವಳ ದನಿ ಮೊದಲ ಸಲ ಮೆತ್ತಗಾಗಿತ್ತು. “ತಾಳಿ ಬಿದ್ದಿಲ್ಲ. ಇನ್ನೂ ಎದ್ದು ಹೋಗ್ಬೋದು. ಇದೊಂದ್ ನೋಡಕ್ಕೇ ನಾವು ಬರಾದು.”

ಬಳಿಕ ಪಕ್ಕದ ಚಾಪೆಯನ್ನು ಅಂಗೈಯಿಂದ ಸವರಿದಳು. ಅಲ್ಲಿ ಇಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು. “ಇದು ಮುನಿಲಕ್ಷ್ಮಿದು. ಬರ್ತಾಳೆ. ಅದರ ಪಕ್ಕದ್ದು ನಿಂದು. ಕುಂತ್ಕೋ.”

ಪರದೆಯ ಮೇಲೆ ‘ಶುಭಂ’ ಎಂಬ ಪದ ಹಿಂದುಮುಂದಾಗಿ ಮೂಡಿತು. ಬೆಳಕು ಹೋಯಿತು. ಆ ಕತ್ತಲಲ್ಲಿ ಅರ್ಪಿತಳಿಗೆ ಕೆರೆಯ ನೀರು ದಡಕ್ಕೆ ಬಡಿಯುವುದು ಕೇಳಿಸಿತು. ಉಸಿರಾಟ ಮಾತ್ರ ಅವಳದೊಂದೇ ಇತ್ತು.

ಗುಡಿಗೆ ಅವಳು ಓಡಿದಳೋ ನಡೆದಳೋ ಅವಳಿಗೇ ನೆನಪಿಲ್ಲ. ದೀಪಕ್ಕೆ ಮುಂದು ಹಿಂದು ಎಂಬುದಿಲ್ಲ, ಎಲ್ಲ ಕಡೆಯಿಂದ ಒಂದೇ ಹಾಗೆ ಕಾಣುತ್ತದೆ. ಅವಳು ಆ ಬೆಳಕಿನಲ್ಲಿ ಬಂದು ನಿಂತಳು. ಕಂಡದ್ದನ್ನು ಹೇಳಿದಳು. ಬತ್ತಿ ಹೊಸೆಯುತ್ತಿದ್ದ ಅಜ್ಜಿಯ ಬೆರಳುಗಳು ನಿಂತವು.

“ಕುಂತ್ಕಂಡ್ಯಾ?”

“ಇಲ್ಲ ಅಜ್ಜಿ.”

ಅಜ್ಜಿ ಮುನೇಶ್ವರನಿಗೆ ಕೈಮುಗಿದಳು. “ಕೆನ್ನೆ ಮುಚ್ಕಂಡಿರೋಳು ನಮ್ಮತ್ತೆ,” ಎಂದಳು. “ನಾನು ಮದುವೆಯಾಗಿ ಬಂದ ವರ್ಷ ಇದೇ ಪಿಚ್ಚರ್‌ಗೆ ಕರ್ಕಂಡೋಗಿ ಆ ಜಾಗ ತೋರ್ಸಿದ್ಲು. ನಾನು ಕುಂತ್ಕಂಡೆ.” ಸೆರಗು ತಾನಾಗಿ ಕೆನ್ನೆಗೆ ಹೋಗಿತ್ತು. “ನಾನು ಹೇಳಿದ್ರೆ ಮುದುಕಿ ಮಾತು ಅಂತೀರ. ಈಗ ನೀನೇ ನೋಡ್ಕಂಡ್ ಬಂದಿದೀಯ. ಹೋಗು, ನಿಮ್ಮಪ್ಪ ಕಾಯ್ತಾವ್ನೆ.”

ಬಯಲಿನಲ್ಲಿ ನಗೆ ತುಂಬಿತ್ತು. ಚೈತನ್ಯ ಇನ್ನೊಂದು ಮೈಕನ್ನು ನಂದಕುಮಾರನ ಬಾಯಿಗೆ ಹಿಡಿದಿದ್ದ. “ಸಖತ್ ಪಿಚ್ಚರ್ ಗುರು. ಬಾಟ್ಲಿ ಬಾವಿಗೆ ಹಾಕಿದ್ದೊಂದೇ ತಪ್ಪು. ಪಾಪ, ಬಾವಿ ಕುಡಿಯೋದು ಕಲಿತ್ರೆ? ಅದ್ಕೆ ಹೆಂಡ್ತಿ ಮಕ್ಕಳು ಇರ್ಲಿಲ್ವಾ?” ಎಂದು ಅವನು ಹೇಳುತ್ತಿದ್ದಂತೆ ಜನ ಬಿದ್ದು ಬಿದ್ದು ನಕ್ಕರು. ಅರ್ಪಿತಳನ್ನು ಕಂಡು ಫೋಟೋಗೆ ಕರೆದ. ಬೆಳಗಿದ ಖಾಲಿ ಪರದೆಯ ಮುಂದೆ ಇಬ್ಬರಿಗೂ ಜಾಗ ಮಾಡಿದರು. ಅವನು ಗುಡಿಯ ಹಾರದಿಂದ ಬಿದ್ದ ಒಂದು ಸೇವಂತಿಗೆಯನ್ನು ಎತ್ತಿ ಅವಳ ಕಡೆ ಚಾಚಿದ. ಬಲಗೈಯಲ್ಲಿ ಬಾಟಲಿಯಿತ್ತು. ಅದನ್ನು ಕೆಳಗಿಡುವುದು ಅವನಿಗೆ ಹೊಳೆಯಲಿಲ್ಲ. ಹೂವು ಎಡಗೈಯಲ್ಲಿ ಬಂತು.

ಅವಳು ಹೂವನ್ನು ನೋಡಿದಳು. ತೆಗೆದುಕೊಳ್ಳಲಿಲ್ಲ. ಅವನ ಬಲಕ್ಕೆ ಹೋಗಿ ನಿಂತಳು.

“ಎಡಕ್ಕ ಬಾರವ್ವ,” ಎಂದರು ಗುರುಬಸಪ್ಪ ನಗುತ್ತ. “ಎಡಕ್ಕ ನಿಂತ್ರ ಒಪ್ಪಿಗಿ ಅಂತ ತಿಳ್ಕೋತೀವಿ.”

ಅಪ್ಪ ಕುರ್ಚಿಯಿಂದ ಅರ್ಧ ಎದ್ದು ಆಸೆಯಿಂದ ನೋಡುತ್ತಿದ್ದರು. ಅರ್ಪಿತ ಅವರಿಗೇ ಹೇಳಿದಳು, ಮೆಲ್ಲಗೆ, ಆದರೆ ಅವಳ ಕೈಯಲ್ಲಿದ್ದ ಮೈಕನ್ನು ಚೈತನ್ಯ ಆಗಷ್ಟೇ ಸ್ಪೀಕರಿಗೆ ಜೋಡಿಸಿದ್ದರಿಂದ ಬಯಲಿಗೆಲ್ಲ ಕೇಳಿಸಿತು. “ಅಪ್ಪ, ಬುಧವಾರ ಬರೋದು ಬೇಡ ಅಂತ ಅವರಿಗೆ ಹೇಳ್ಬಿಡಿ. ನಾನಿನ್ನೂ ಬಲಕ್ಕೇ ಇದೀನಿ.”

ನಂದಕುಮಾರ್ ಇದೂ ಒಂದು ತಮಾಷೆಯೆಂದು ಮೊದಲು ನಕ್ಕ. ಅವನ ಜೊತೆ ಯಾರೂ ನಗಲಿಲ್ಲ. ನಗು ಬಂದದ್ದು ಪರದೆಯ ಹಿಂದಿನಿಂದ. ಅನೇಕ ಹೆಂಗಸರ ನಗು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಂಥದ್ದು. ಬಿಳಿ ಬಟ್ಟೆ ಒಮ್ಮೆ ಉಬ್ಬಿ ಇಳಿಯಿತು. ಹಿಂದೆ ಯಾರಿದ್ದಾರೆ ಎಂದು ಕೇಳುತ್ತ ಚೈತನ್ಯ ಟಾರ್ಚು ಹಿಡಿದು ಹೋದ. ಮರ ಸುತ್ತಿ ಬಂದವನು ಟಾರ್ಚು ಆರಿಸಿ ಪ್ರೊಜೆಕ್ಟರಿನ ವೈರು ಸುತ್ತತೊಡಗಿದ.

ಬೆಳಗಾದ ಮೇಲೆ ಮುನಿಲಕ್ಷ್ಮಮ್ಮ ಮೊಮ್ಮಗಳ ಕೈಹಿಡಿದು ಆ ಬಯಲಿಗೆ ಬಂದಳು. ಬಟ್ಟಲಲ್ಲಿ ಅರಿಶಿನ, ಕುಂಕುಮ, ಒಂದಿಷ್ಟು ಸೇವಂತಿಗೆ. ಪರದೆ ಕಟ್ಟಿದ್ದ ಜಾಗದ ಹಿಂದೆ ಹುಲ್ಲೆಲ್ಲ ಸಾಲು ಸಾಲಾಗಿ ನೆಲಕ್ಕೊರಗಿತ್ತು, ಇರುಳೆಲ್ಲ ಯಾರೋ ಕೂತು ಎದ್ದು ಹೋದ ಹಾಗೆ. ಮುಂದಿನ ಸಾಲಿನಲ್ಲಿ ಒಂದು ಕಡೆ ಮಾತ್ರ ಹುಲ್ಲು ನೆಟ್ಟಗೆ ನಿಂತಿತ್ತು, ತುದಿಯಲ್ಲಿ ಇಬ್ಬನಿ ಸಮೇತ. ಒಬ್ಬರು ಕೂರುವಷ್ಟು ಜಾಗ. ಅದರ ಪಕ್ಕದ ಹುಲ್ಲಿನ ಮೇಲೆ, ಅರ್ಪಿತಳಿಗೆ ತೋರಿಸಿದ್ದ ಜಾಗದಲ್ಲಿ, ಆಚೆಯವಳು ಸರಿದು ಕೂತ ಗುರುತಿತ್ತು.

ಅಜ್ಜಿ ಅಲ್ಲಲ್ಲಿ ಬಗ್ಗಿ, ಮಲಗಿದ ಹುಲ್ಲಿಗೆಲ್ಲ ಅರಿಶಿನ ಕುಂಕುಮ ಹಾಕಿದಳು, ಮನೆಗೆ ಬಂದ ಮುತ್ತೈದೆಯರಿಗೆ ಕೊಡುವ ಹಾಗೆ. ನಿಂತ ಹುಲ್ಲಿನ ಬಳಿ ಬಂದಾಗ ಕೈ ತಡೆದು ಅದನ್ನೇ ನೋಡಿದಳು.

“ನಂದೊಂದೇ ಉಳ್ದೈತೆ,” ಎಂದಳು. “ಸದ್ಯ.”

ಕೆನ್ನೆಯ ಮೇಲಿದ್ದ ಸೆರಗನ್ನು ಇಳಿಸಿ ಬಟ್ಟಲಿಗೆ ಮುಚ್ಚಿಕೊಂಡು, ಏರಿಯ ಕಡೆ ನಡೆದಳು.